ಲಾಭವಿತ್ತು, ರೊಕ್ಕವಿರಲಿಲ್ಲ

ನಾನು ಒಂದು ತಗಡಿನ ಗಲ್ಲಾಪೆಟ್ಟಿಗೆ. ವಿಜಯಪುರದ ಟ್ರಂಕಿನ ಅಂಗಡಿಯಲ್ಲಿ ಮಕ್ತುಮಸಾಬ ಎಂಬ ಮುದುಕ ನನ್ನನ್ನು ಬಡಿದು ಬಡಿದು ಮಾಡಿದ. ಅಷ್ಟು ಪೆಟ್ಟು ತಿಂದು ಹುಟ್ಟಿದ ನನಗೆ ಆಮೇಲೆ ಯಾರ ಮಾತಿಗೂ ಬಗ್ಗುವ ಸ್ವಭಾವ ಬರಲಿಲ್ಲ.

ಮೊದಲು ಒಬ್ಬ ಕಿರಾಣಿ ವ್ಯಾಪಾರಿಯ ಕೈ ಸೇರಿದೆ. ನಾನು ತುಂಬಿದ್ದರೆ ಅವನಿಗೆ ಲಾಭ, ಬರಿದಾಗಿದ್ದರೆ ಲುಕ್ಸಾನು. ಸಾಲ ತಂದು ತುಂಬಿದ ದಿನವೂ ಲಾಭವೆಂದೇ ಬೀಗಿದ. ಅಂಗಡಿ ಮುಳುಗಿತು. ಡೋಣಿ ಹೊಳೆಯ ದಂಡೆಯ ಊರಿನ ರೊಟ್ಟಿ ಬಡಿಯುವ ಹೆಂಗಸರ ಸಂಘ ನನ್ನನ್ನು ಕೊಂಡಿತು. ಅಲ್ಲಿ ನನ್ನ ಕೀಲಿ, ಸಂಘದ ಹಣ ನೋಡಿಕೊಳ್ಳುವ ಬೋರಮ್ಮನ ಸೊಂಟದಲ್ಲಿರುತ್ತಿತ್ತು.

ಒಮ್ಮೆ ವರ್ಷದ ಸಭೆಯಲ್ಲಿ, ಲೆಕ್ಕ ತಪಾಸಣೆಗೆ ಬಂದ ಫರ್ಜಾನಾ ಮೇಡಂ ಅರವತ್ತು ಸಾವಿರ ಲಾಭವಾಗಿದೆ ಎಂದರು. ಹಂಚಿಕೊಳ್ಳಲು ಮುಚ್ಚಳ ತೆಗೆದರೆ ನನ್ನೊಳಗೆ ಎಂಟುನೂರು ರೂಪಾಯಿ!

"ಎಲ್ಲಿ ಹೋತವ್ವಾ ಉಳಿದದ್ದು? ನಿನ್ನ ಸೊಸಿ ಕೊಳ್ಳಾಗ ಹೊಸಾ ಸರ ಬಂದೈತಲ್ಲ!" ಎಂದಳು ಸದಸ್ಯೆ ದುಂಡವ್ವ.

ಬೋರಮ್ಮ ಕೀಲಿ ಬಿಚ್ಚಿ ಒಗೆದಳು. ಹೊಸ್ತಿಲ ಮೇಲೆ ಕೂತುಬಿಟ್ಟಳು. "ಕಳ್ಳಿ ಅನ್ನಿಸ್ಕೊಂಡು ಮನಿಗೆ ಹೋಗಾಕಿ ಅಲ್ಲ ನಾ. ರೊಕ್ಕ ಎಲ್ಲೈತಂತ ತಿಳಿಯೂತನಾ ಯಾರನ್ನೂ ಹೊರಗ ಬಿಡಂಗಿಲ್ಲ."

ಫರ್ಜಾನಾ ಮೇಡಂ ಎಲ್ಲರನ್ನೂ ಜೋಳದ ಚೀಲಗಳಿದ್ದ ಒಳಕೋಣೆಗೆ ಕರೆದರು. "ಸುಗ್ಗ್ಯಾಗ ಅಗ್ಗಂತ ಜ್ವಾಳ ತಗೊಂಡ್ರಿ. ಇಪ್ಪತ್ತು ಸಾವಿರ ಈ ಚೀಲಗೋಳಾಗ ಕುಂತೈತಿ. ನಲವತ್ತು ಸಾವಿರ ಪೇಟ್ಯಾಗಿನ ಸಿದ್ರಾಮಣ್ಣನ ಖಾನಾವಳ್ಯಾಗ ಉದ್ರಿ, ರೊಟ್ಟಿ ಒಯ್ದಾನ, ರೊಕ್ಕ ಕೊಟ್ಟಿಲ್ಲ. ರೊಟ್ಟಿ ಕೊಟ್ಟ ಕೂಡಲೇ ಲಾಭ ಬರೀತೀವಿ, ರೊಕ್ಕ ಬಂದಾಗಷ್ಟ ಪೆಟ್ಟಿಗಿ ತುಂಬ್ತದ."

"ಹಂಗಾರ ಸಂಘ ಮುಳುಗಿತೇನ್ರಿ?" ಎಂದು ಒಬ್ಬಳು ಕೇಳಿದಳು.

"ಒಲಿಗೆ ತಂದ ಸಾಲ ಮೂವತ್ತು ಸಾವಿರ. ಜ್ವಾಳ, ಉದ್ರಿ ಕೂಡಿ ಅರವತ್ತು. ಸಾಲ ಒಂದಕ್ಕ ಸೊತ್ತು ಎರಡು, ಪ್ರಮಾಣ ಚಲೋ ಐತಿ. ಉದ್ರಿ ಬರಲಿಲ್ಲಂದ್ರ ಜ್ವಾಳ ಇಪ್ಪತ್ತಷ್ಟ. ಸಾಲಕ್ಕೂ ಸಾಲಂಗಿಲ್ಲ."

ಉದ್ರಿ ಯಾಕೆ ಉಳಿಯಿತು? ಇವರು ಪೇಟೆಗೆ ಹೋಗುತ್ತಿದ್ದುದು ಶುಕ್ರವಾರದ ಸಂತೆಗೆ. "ಶುಕ್ರವಾರ ಲಕ್ಷ್ಮೀನ ಹೊರಗ ಕಳಸಬಾರದವ್ವಾ" ಎನ್ನುತ್ತಿದ್ದ ಸಿದ್ರಾಮಣ್ಣ. ತಾವೂ ಅದನ್ನೇ ಪಾಲಿಸುವವರು, ಹೂಂ ಎಂದು ತಿರುಗಿ ಬರುತ್ತಿದ್ದರು. ಹಾಗೆ ಉಳಿದದ್ದು ಎಷ್ಟಾಯಿತೆಂದು ಯಾರೂ ಕೂಡಿಸಿ ನೋಡಿರಲಿಲ್ಲ.

ಮುಂದಿನ ಶುಕ್ರವಾರ ಬೋರಮ್ಮ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಹಿಂದೆ ರೊಟ್ಟಿಬುಟ್ಟಿ ಹೊತ್ತ ಇಡೀ ಸಂಘ. ಊಟದ ಹೊತ್ತು, ಖಾನಾವಳಿ ತುಂಬಿತ್ತು. ಸಿದ್ರಾಮಣ್ಣ ಮತ್ತೆ ಅದೇ ರಾಗ ಎಳೆದ.

"ಖರೇನ ಯಣ್ಣಾ," ಎಂದಳು ಬೋರಮ್ಮ. "ನಿಮ್ಮ ಲಕ್ಷ್ಮಿ ಗಲ್ಲಾ ಬಿಡಬಾರದಂದ್ರ, ನಮ್ಮ ಅನ್ನಪೂರ್ಣಿ ಬುಟ್ಟಿ ಯಾಕ ಬಿಡಬೇಕು?"

ದುಂಡವ್ವ ರೊಟ್ಟಿಬುಟ್ಟಿಯನ್ನು ತಬ್ಬಿಕೊಂಡು ಬಾಗಿಲಲ್ಲೇ ಕೂತಳು. ಒಳಗೆ ತಾಟು ಬಡಿದ ಸದ್ದು. "ರೊಟ್ಟಿ ತರ್ರೀ! ಬರೇ ಪಲ್ಯ ನೆಕ್ಕೋಣೇನ್ರೀ?" ಸಿದ್ರಾಮಣ್ಣ ಒಮ್ಮೆ ಒಳಗೆ, ಒಮ್ಮೆ ಹೊರಗೆ ನೋಡಿದ. ಬೆವರೊರೆಸಿಕೊಂಡು ನೋಟು ಎಣಿಸತೊಡಗಿದ.

ಊರಿಗೆ ಬಂದ ಮೇಲೆ ದುಂಡವ್ವ ಬೋರಮ್ಮನ ಮುಂದೆ ಕೀಲಿ ಹಿಡಿದಳು. "ತಪ್ಪಾತ ಯಕ್ಕಾ, ಕಟ್ಟಿಕೋ."

"ಒಲ್ಲೆ," ಎಂದಳು ಬೋರಮ್ಮ. "ಕೀಲಿ ಗ್ವಾಡಿಗೆ ತೂಗು ಹಾಕ್ರಿ. ತಿಂಗಳಿಗೊಮ್ಮೆ ಎಲ್ಲಾರೂ ಕೂಡಿ ತಗೀರಿ. ಎಲ್ಲಿಂದ ಬಂತು, ಎಲ್ಲಿಗೆ ಹೋತು, ಇನ್ನ ಯಾರ ಕಡಿ ಐತಿ, ಬಾಯಿಬಿಟ್ಟು ಕೇಳ್ರಿ. ಕೇಳದೇ ಯಾರ ಮಾನಕ್ಕೂ ಕೈ ಹಾಕಬ್ಯಾಡ್ರಿ."

ಈಗ ರೊಕ್ಕ ಫೋನಿಗೇ ಬರುತ್ತದೆ. ತುಕ್ಕು ಹಿಡಿದು ಮೂಲೆಯಲ್ಲಿದ್ದೇನೆ, ನನ್ನೊಳಗೆ ಒಂದು ಪೈಸೆಯೂ ಇಲ್ಲ. ಅದಕ್ಕೆ ನಾಚಿಕೆಯೂ ಇಲ್ಲ. ನನ್ನನ್ನು ಇಣುಕಿ ನೋಡಿದವರು ಸಂಘ ಬಡವಾಯಿತೆಂದುಕೊಳ್ಳಲಿ. ಹೊರಗೆ ಹತ್ತು ಒಲೆ ಉರಿಯುತ್ತಿವೆ.