ಇಟ್ಟು ಸರಿ

ಜುಲೈ ಹದಿನಾಲ್ಕು, ಭಾನುವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ.

"ಏಯ್ ರತ್ನಮ್ಮ, ತಲೆ ಇದೆಯಾ ನಿಂಗೆ? ಪೊರಕೆ ಹಿಡ್ಕೊಂಡು ದೇವರ ಮನೆ ಒಳಗೆ ನುಗ್ತೀಯಲ್ಲ! ಆಚೆ ಬಾ, ಆಚೆ!"

ರತ್ನಮ್ಮ ಆಚೆ ಬಂದಳು. ಕೂಗಿದವನು ಹೊಸ ಸಂಸದರ ಆಪ್ತ ಸಹಾಯಕ ಮಹಂತೇಶ್. ಮೊನ್ನೆಯವರೆಗೆ ಆ ಕೋಣೆ ದೇವರ ಮನೆಯಾಗಿರಲಿಲ್ಲ. ಹಳೆಯ ಸಂಸದ ಬಸಪ್ಪ ಅಲ್ಲಿ ಚಪ್ಪಲಿ ಗೂಡು, ಸೋಡಾ ಕ್ರೇಟು, ಪ್ರಚಾರದ ಬಾವುಟಗಳನ್ನು ತುಂಬಿಸಿಟ್ಟಿದ್ದ. ಹದಿನೈದು ವರ್ಷ ಆ ನೆಲವನ್ನು ಒರೆಸಿದವಳು ಇವಳೇ. ಇವತ್ತು ಅದಕ್ಕೆ ಹೊಸಿಲು ಹುಟ್ಟಿಕೊಂಡಿದೆ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಸರೋಜಿನಿ ನಗರದ ಮಾರುಕಟ್ಟೆಯಿಂದ ನಡೆದು ಬರುವಷ್ಟು ದೂರದಲ್ಲಿ ಆ ಸರ್ಕಾರಿ ಬಂಗಲೆ. ಅದರ ಬೆನ್ನಿಗೆ, ಬೇವಿನ ಮರದ ಬುಡದಲ್ಲಿ, ರತ್ನಮ್ಮನ ಒಂಟಿ ಕೋಣೆ. ಇಂಥ ಕೋಣೆಗಳಿಗೆ ದಿಲ್ಲಿಯಲ್ಲಿ ಒಂದು ಕಟ್ಟಳೆಯಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೋಣೆಗೆ ಬಾಡಿಗೆಯಿಲ್ಲ, ಮಾಡಿದ ಕೆಲಸಕ್ಕೆ ಸಂಬಳವಿಲ್ಲ. ಸಾಹೇಬರು ಬದಲಾದಾಗ ಹಿಂದಿನ ಕೋಣೆಯವರು ನಲ್ಲಿ, ಸ್ವಿಚ್ಚು, ಹುಲ್ಲುಹಾಸಿನ ಜೊತೆಗೆ ಹೊಸಬರ ಪಾಲಿಗೆ ಬರುತ್ತಾರೆ. ಹೊಸಬರು ಬೇಡವೆಂದರೆ ಗಂಟುಮೂಟೆ ಕಟ್ಟಬೇಕು.

ಅವಳ ಗಂಡನನ್ನು ತೋಟದ ಕೆಲಸಕ್ಕೆಂದು ಊರಿನಿಂದ ಕರೆತಂದವನು ಬಸಪ್ಪ. ಅವಳ ಗಂಡನ ಊರಿನ ಕಡೆಯ ಮೀಸಲು ಕ್ಷೇತ್ರದವನು, ಜಾತಿಯಲ್ಲಿ ಇವರವನೇ. "ನೀವು ನಮ್ಮೋರು ಕಣ್ರಲೇ" ಎಂದು ಬೆನ್ನು ತಟ್ಟುತ್ತಲೇ ಹದಿನೈದು ವರ್ಷ ದುಡಿಸಿಕೊಂಡ. ಗಂಡ ಕೊರೊನಾದಲ್ಲಿ ಹೋದಾಗ ಆಸ್ಪತ್ರೆಯ ಬಾಗಿಲಿಗೂ ಬರಲಿಲ್ಲ. ಚುನಾವಣೆಯಲ್ಲಿ ಸೋತು ಬಂಗಲೆ ಬಿಡುವಾಗ ಹಿಂದಿನ ಕೋಣೆಯ ಫ್ಯಾನನ್ನೂ ಬಿಚ್ಚಿಸಿಕೊಂಡು ಹೋದ.

ಏಳು ಗಂಟೆಗೆ ಮಯೂರ್ ವಿಹಾರ್ ಕಡೆಯಿಂದ ಅನಂತರಾಮ ಭಟ್ಟರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕ್ಯಾನು. ಮುಚ್ಚಳ ತೆಗೆದ ಕೂಡಲೇ ಗೋಮೂತ್ರದ ಘಾಟು ಹಜಾರದ ಸೆಕೆಯಲ್ಲಿ ಕಲೆಸಿಕೊಂಡಿತು. ರತ್ನಮ್ಮ ಆಗಷ್ಟೇ ಫಿನಾಯಿಲ್ ಹಾಕಿ ಒರೆಸಿದ್ದ ನೆಲದ ಮೇಲೆ ಅವರು ದರ್ಭೆಯಿಂದ ಚಿಮುಕಿಸುತ್ತ ಹೋದರು. ಸಂಸದರ ಹೆಂಡತಿ ವಿಜಯಮ್ಮ ಸೆರಗು ಮೂಗಿಗೆ ಹಿಡಿದು ಹಿಂದೆ ಹಿಂದೆ ನಡೆದರು.

"ಇಷ್ಟೊಂದು ಬೇಕಾ ಭಟ್ರೇ?"

"ಇಲ್ಲಿದ್ದವರು ಯಾರು ಅಂತ ನಿಮಗೇ ಗೊತ್ತಲ್ಲಮ್ಮ. ಬರೀ ಫಿನಾಯಿಲ್ ಸಾಲದು."

"ಶ್, ಹಾಗೆಲ್ಲ ಅನ್ಬೇಡಿ. ನಮ್ಮೆಜಮಾನ್ರಿಗೆ ಕೇಳಿಸಿದ್ರೆ ರಂಪ ಆಗುತ್ತೆ. ಇದು ವಾಸ್ತು. ವಾಸ್ತು ಅನ್ನಿ."

"ಅಚ್ಛಾ, ವಾಸ್ತು," ಎಂದು ಭಟ್ಟರು ಮಲಗುವ ಕೋಣೆಯ ವಾಸ್ತು ಮುಗಿಸಿದರು. ಬಚ್ಚಲಿನ ವಾಸ್ತು ಎರಡು ಸಲ ಆಯಿತು.

ಬಾಗಿಲ ಬಳಿ ಬಕೆಟ್ಟು ಹಿಡಿದು ನಿಂತಿದ್ದ ರತ್ನಮ್ಮನನ್ನು ಆ ಇಬ್ಬರೂ ನೋಡಲಿಲ್ಲ. ಅವಳಿಗೆ ಅಂಥ ದುಃಖವೇನೂ ಆಗಲಿಲ್ಲ. ಸೊಂಟ ನೋಯುತ್ತಿತ್ತು. ಬಸಪ್ಪನ ಹೆಜ್ಜೆಯನ್ನು ಹೀಗೆ ತೊಳೆಯುತ್ತಿದ್ದಾರಲ್ಲ, ಮುಟ್ಟಿ ಒರೆಸಿದ ನನ್ನ ಕೈಯನ್ನು ಏನು ಮಾಡುತ್ತಾರೆ ಎಂದುಕೊಂಡಳು. ಏನೂ ಮಾಡಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ಪೇಪರ್ ಕಪ್ಪಿನಲ್ಲಿ ಚಹಾ ಬಂತು. ಬಸಪ್ಪನ ಕಾಲದಲ್ಲಿ ಅವಳಿಗೆ ಗೋಡೆಯ ಮೇಲೊಂದು ಸ್ಟೀಲು ಲೋಟವಿತ್ತು, ಕುಡಿದು ತೊಳೆದಿಡಬೇಕಿತ್ತು. ಈಗ ತೊಳೆಯುವ ಕೆಲಸವಿಲ್ಲ, ಕುಡಿದು ಬಿಸಾಕಿದರಾಯಿತು.

ಒಂದು ತಿಂಗಳಿಂದ ಟಿವಿಯಲ್ಲಿ ಅದೇ ಮಾತು. ಮೂವತ್ತು ವರ್ಷ ಮಠ, ಗುಡಿ, ಗೌಡರ ಮಾತು ಮೀರದೆ ಒಂದೇ ಪಕ್ಷಕ್ಕೆ ಒತ್ತುತ್ತಿದ್ದ ರಾಜ್ಯ ಮಗ್ಗುಲು ಬದಲಿಸಿದ್ದು ಹೇಗೆ? ಕೋಟು ತೊಟ್ಟವರು ಕೂತು ಜಾತಿಗಳನ್ನು ಕೂಡಿಸಿ ಕಳೆದು ಭಾಗಿಸುತ್ತಿದ್ದರು. ಕೊನೆಗೆ ಎಲ್ಲರೂ ಒಂದು ಹಳೆಯ ಕಪ್ಪು ಬಿಳುಪು ಫೋಟೋಕ್ಕೆ ಬಂದು ನಿಲ್ಲುತ್ತಿದ್ದರು. ಕುರುಚಲು ಗಡ್ಡದ, ಜುಬ್ಬದ ಯುವಕನೊಬ್ಬ ಗುಡಿಸಲ ಮುಂದೆ ನಿಂತು ಲೋಟದಿಂದ ನೀರು ಕುಡಿಯುತ್ತಿದ್ದಾನೆ. ಶಾನುಭೋಗರ ಮನೆತನದ ಸೂರ್ಯನಾರಾಯಣ, ಕೇರಿಯಲ್ಲಿ ನೀರು ಕುಡಿದವರು. ಆ ಫೋಟೋ ಊರೂರಿನ ಗೋಡೆಗೆ ಅಂಟಿತು, ಅವರು ಗೆದ್ದರು, ದಿಲ್ಲಿಗೆ ಬಂದರು, ಈ ಬಂಗಲೆ ಸಿಕ್ಕಿತು.

ಫಲಿತಾಂಶದ ದಿನ ಮಧ್ಯಾಹ್ನ ಊರಿನಿಂದ ತಮ್ಮ ತಿಪ್ಪೇಸ್ವಾಮಿ ಫೋನು ಮಾಡಿದ್ದ. ಹಿಂದೆ ತಮಟೆ, ಪಟಾಕಿ.

"ಅಕ್ಕಯ್ಯ, ಬಡ್ಡೀಮಕ್ಳ ಸೊಕ್ಕು ಮುರಿದ್ವಿ ಕಣಕ್ಕ! ಕೇರಿಗೆ ಕೇರಿನೇ ಒಂದ್ ಕಡೀಕೆ ಒತ್ತೈತೆ!"

"ಶಾನುಭೋಗರ ಮಗನಿಗೇನ್ಲಾ ಒತ್ತಿದ್ದು? ಅಪ್ಪನ ಕೈ ಮರ್ತೋಯ್ತಾ?"

ತಮಟೆ ಸ್ವಲ್ಪ ದೂರವಾಯಿತು. ತಿಪ್ಪೇಸ್ವಾಮಿ ಗೋಡೆಯ ಮರೆಗೆ ಹೋಗಿರಬೇಕು.

"ಮರ್ತಿಲ್ಲ ಕಣಕ್ಕ. ಈ ನನ್ಮಗನ್ ಮ್ಯಾಲೆ ನಂಬ್ಕೆ ಇಟ್ಟು ಯಾವನ್ ಒತ್ಯಾನೆ? ಅವ್ರನ್ನ ಇಳಿಸ್ಬೇಕಿತ್ತು, ಇಳಿಸಿದ್ವಿ. ಇವ್ನನ್ನ ಇಳ್ಸಾದು ಆಮ್ಯಾಕೆ."

ಆ ಫೋಟೋ ತೆಗೆದ ದಿನ ರತ್ನಮ್ಮನಿಗೆ ಒಂಬತ್ತು ವರ್ಷ. ದೊಡ್ಡವರೆಲ್ಲ ಶಾನುಭೋಗರ ಕಣದಲ್ಲಿ ರಾಗಿ ತೂರುತ್ತಿದ್ದರು. ಅವರ ಮಗ ಬೆಂಗಳೂರಿನ ಗೆಳೆಯರನ್ನು ಕಟ್ಟಿಕೊಂಡು ಕೇರಿಗೆ ಬಂದು, ಕುಡಿಯಲು ನೀರು ಕೊಡು ಎಂದ. ಅವಳು ಲೋಟ ತಂದು ಜಗಲಿಯ ಮೇಲೆ ಇಟ್ಟು ಹಿಂದೆ ಸರಿದಳು. ಇಟ್ಟು ಸರಿ. ಮೇಲಿನವರಿಗೆ ಏನು ಕೊಡುವುದಿದ್ದರೂ ಇಟ್ಟು ಸರಿ. ಮಾತು ಬರುವ ಮೊದಲೇ ಅವ್ವ ಕಲಿಸಿದ್ದು ಅದು. ಅವನು ಎತ್ತಿಕೊಂಡು ಕುಡಿದ, ಗೆಳೆಯ ಫೋಟೋ ತೆಗೆದ. ಸರಿದು ನಿಂತಿದ್ದರಿಂದ ಹುಡುಗಿ ಫೋಟೋದಲ್ಲಿ ಬರಲಿಲ್ಲ.

ಸಂಜೆ ಶಾನುಭೋಗರ ಆಳುಗಳು ಬಂದರು. "ನಮ್ ಚಿಕ್ಕಯ್ಯಂಗೆ ಲೋಟ ಕೊಟ್ಟ ಕೈ ಯಾವ್ದಲೇ, ಹಲ್ಕಾ ನನ್ಮಕ್ಳಾ?" ಅಪ್ಪ ಬಲಗೈ ಮುಂದೆ ಚಾಚಿದ. ಅದನ್ನು ಒರಳುಕಲ್ಲಿನ ಮೇಲೆ ಇಡಿಸಿದರು. ಗುಂಡುಕಲ್ಲು ಎತ್ತಿದವನು ಅಪ್ಪನ ಜೊತೆಗೇ ದುಡಿಯುವವನು, ಮುಖ ಆಚೆ ತಿರುಗಿಸಿಕೊಂಡೇ ಬಿಟ್ಟ. ಆ ಹೊತ್ತಿಗೆ ಚಿಕ್ಕಯ್ಯ ಬೆಂಗಳೂರಿನ ಬಸ್ಸಿನಲ್ಲಿದ್ದ. ಅಪ್ಪ ಸಾಯುವತನಕ ಎಡಗೈಯಲ್ಲಿ ಉಂಡ.

ಹನ್ನೊಂದು ಗಂಟೆಗೆ ಮಹಂತೇಶ್ ಹಿಂದಿನ ಕೋಣೆಗೆ ಬಂದ. ಒಳಗೆ ಬರಲಿಲ್ಲ. ಬೇವಿನ ಮರದಡಿ ನಿಂತು ಚಪ್ಪಾಳೆ ತಟ್ಟಿ ಕರೆದ.

"ನೀನು ಸಾಹೇಬ್ರ ಊರಿನವಳಂತೆ? ಹುಲಿಗೊಂದಿ?"

"ಊಂ ಸ್ವಾಮಿ."

"ಕೇರಿಯವಳಾ?"

ರತ್ನಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಅವನಿಗೆ ಅಷ್ಟೇ ಸಾಕಾಯಿತು.

"ಅರೆ ವಾಹ್! ನಾವು ಎಲ್ಲೆಲ್ಲೋ ಹುಡುಕ್ತಿದ್ರೆ ಮಾಲು ಹಿತ್ತಲಲ್ಲೇ ಇದೆ! ನಾಲ್ಕು ಗಂಟೆಗೆ ಟಿವಿಯವರು ಬರ್ತಾರೆ. ಸಾಹೇಬ್ರು ಹಳೇ ಕಥೆ ಹೇಳ್ತಾರೆ, ಆಗ ನೀನು ಬಂದು ಒಂದು ಲೋಟ ನೀರು ಕೊಡ್ಬೇಕು. ಅದೇ ಊರು, ಅದೇ ಕೇರಿ, ಅದೇ ನೀರು. ಇಡೀ ದೇಶ ನೋಡುತ್ತೆ."

"ನಂಗ್ಯಾಕ್ ಸ್ವಾಮಿ ಅವೆಲ್ಲ?"

ಅವನ ನಗು ಆರಿತು. "ನೋಡು, ಮೇಡಂ ಅವರ ಕಡೆಯಿಂದ ಅಡುಗೆಗೆ ಗಂಡ ಹೆಂಡ್ತಿ ಇಬ್ರು ಬರ್ತಿದ್ದಾರೆ. ಈ ಕ್ವಾರ್ಟರ್ಸ್ ಅವರಿಗೆ ಅಂತಿದ್ದಾರೆ. ನೀನು ನೆಟ್ಟಗೆ ನೀರು ಕೊಟ್ರೆ ನಾನು ಸಾಹೇಬ್ರ ಹತ್ರ ಮಾತಾಡ್ತೀನಿ. ಇಲ್ಲಾಂದ್ರೆ ನಾಳೆ ಖಾಲಿ ಮಾಡು. ಚಲೋ, ಸ್ನಾನ ಮಾಡ್ಕೊಂಡು ಬಾ. ಒಳ್ಳೆ ಸೀರೆ ಬೇಡ, ಹಳೇದೇ ಇರ್ಲಿ."

ಒಳಗೆ ಪುಸ್ತಕ ಹಿಡಿದು ಕೂತಿದ್ದ ಮಗಳು ಗಗನಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಿ.ಎಸ್ಸಿ. ಕೆಮಿಸ್ಟ್ರಿ, ಇನ್ನೊಂದು ವರ್ಷ ಬಾಕಿ.

"ಅಮ್ಮಾ, ಬಸ್ ಏಕ್ ಗಿಲಾಸ್ ಪಾನಿ. ಕೊಟ್ಟುಬಿಡು ನಾ. ಇಲ್ಲಿಂದ ಹೋದ್ರೆ ಎಲ್ಲಿಗೆ? ಅಷ್ಟು ದೂರ ಊರಾಚೆ ಖೋಡಾದಲ್ಲಿ ರೂಮು ಮಾಡಿ ನಾನು ಡೈಲಿ ಕಾಲೇಜಿಗೆ ಹೇಗೆ ಬರ್ಲಿ? ಪ್ಲೀಸ್, ಯಾವ ನಾಟಕಾನೂ ಮಾಡ್ಬೇಡ."

"ನಾಟ್ಕ ಆಡ್ತಾ ಇರಾದು ನಾನಾ?"

"ಗೊತ್ತಮ್ಮಾ. ಫಿರ್ ಭೀ, ಕೊಟ್ಟುಬಿಡು."

ತಾತನ ಕೈಯನ್ನು ಎತ್ತು ತುಳಿಯಿತು ಎಂದೇ ಗಗನಾ ತಿಳಿದಿದ್ದಳು. ರತ್ನಮ್ಮ ಈಗಲೂ ಅದನ್ನು ತಿದ್ದಲಿಲ್ಲ. ಮಗಳು ಹೇಳುವುದರಲ್ಲಿ ತಪ್ಪೇನಿದೆ ಎನಿಸಿತು. ಹದಿನೈದು ವರ್ಷ ಬಸಪ್ಪನ ಎಂಜಲು ಬಳಿದವಳಿಗೆ ಒಂದು ಲೋಟ ನೀರು ಭಾರವೇ? ಕೊಟ್ಟರಾಯಿತು ಎಂದುಕೊಂಡೇ ಸ್ನಾನಕ್ಕೆ ಹೋದಳು.

ಮೂರೂವರೆಗೆ ಮುಂದಿನ ವರಾಂಡದಲ್ಲಿ ಅಭ್ಯಾಸ ನಡೆಯಿತು. ಬೆತ್ತದ ಕುರ್ಚಿಯಲ್ಲಿ ಸಾಹೇಬರ ಬದಲು ಮಹಂತೇಶ್ ಕೂತ. ಸ್ಟೀಲು ಲೋಟ ಮಿಂಚಿ ಕ್ಯಾಮೆರಾಕ್ಕೆ ಹೊಡೆಯುತ್ತದೆಂದು ವಿಜಯಮ್ಮ ಮನಸ್ಸಿಲ್ಲದ ಮನಸ್ಸಿನಿಂದ ತವರಿನ ಹಳೆಯ, ಹೊಳಪು ಮಾಸಿದ ಬೆಳ್ಳಿ ಲೋಟ ಕೊಟ್ಟಿದ್ದರು.

ರತ್ನಮ್ಮ ನೀರು ತಂದಳು. ಕುರ್ಚಿಯ ಮುಂದೆ ಬಗ್ಗಿ, ಲೋಟವನ್ನು ನೆಲದ ಮೇಲೆ ಇಟ್ಟು, ಹಿಂದೆ ಸರಿದಳು.

"ನೆಲದ ಮೇಲೆ ಯಾಕಿಟ್ಟೆ? ಕೈಗೆ ಕೊಡು!"

ಮತ್ತೆ ತಂದಳು. ಕೈಗೇ ಕೊಡಬೇಕೆಂದು ಬಾಯಲ್ಲಿ ಹೇಳಿಕೊಂಡೇ ಬಂದಳು. ಹತ್ತಿರ ಬಂದೊಡನೆ ಬೆನ್ನು ತಾನಾಗಿ ಬಾಗಿತು, ಲೋಟ ನೆಲಕ್ಕೆ ತಾಗಿ ಸದ್ದಾಯಿತು, ಕಾಲು ಹಿಂದೆ ಸರಿಯಿತು.

"ಥೂ ನಿನ್ನ! ಬೇವಕೂಫ್! ನಿನಗೇನು ಸೊಂಟಕ್ಕೆ ಸ್ಪ್ರಿಂಗ್ ಹಾಕಿದಾರಾ?" ಮಹಂತೇಶ್ ಎದ್ದೇಬಿಟ್ಟ. "ಇಡೀ ರಾಜ್ಯ ಬದಲಾದ್ರೂ ನೀವು ಬದಲಾಗಲ್ಲ. ಕೊಡೋ ಕೈ ತಗೊಳ್ಳೋ ಕೈ ಎರಡೂ ಒಂದೇ ಫ್ರೇಮಲ್ಲಿ ಬರ್ಬೇಕು, ತಿಳೀತಾ? ನೀನು ಸರಿದ್ರೆ ಶಾಟ್ ಹಾಳು."

"ಬುದ್ಧಿ, ಆವತ್ತೂ ಕೈಗೆ ಕೊಟ್ಟಿರ್ಲಿಲ್ಲ. ಇಟ್ಟಿದ್ದು."

"ನಿಂಗೇನ್ ಗೊತ್ತು ಆವತ್ತಿಂದು? ಬಾಯಿ ಮುಚ್ಕೊಂಡು ಹೇಳಿದ್ದು ಮಾಡು."

ಬಾಗಿಲಲ್ಲಿದ್ದ ವಿಜಯಮ್ಮ ಹೇಳಿದರು: "ಮಹಂತೇಶ್, ಮುಗಿದ ಮೇಲೆ ಆ ಲೋಟ ಒಳಗೆ ತರಿಸ್ಬೇಡಿ. ಹೊರಗಡೆ ನಲ್ಲಿ ಹತ್ರ ಇಡ್ಸಿ. ಹುಣಸೆಹಣ್ಣು ಹಾಕಿ ತೊಳೆಸ್ಬೇಕು."

"ಆಯ್ತು ಮೇಡಂ."

ನಾಲ್ಕಕ್ಕೆ ಕ್ಯಾಮೆರಾ ಬಂತು. ಪತ್ರಕರ್ತೆ ಅಮಿತಾ ಹಿಂದಿಯಲ್ಲಿ ಕೇಳುತ್ತಿದ್ದಳು, ಸೂರ್ಯನಾರಾಯಣರು ಹಿಂದಿಯಲ್ಲೇ ಹೇಳುತ್ತಿದ್ದರು. ಗಡ್ಡ ನರೆತಿತ್ತು, ಜುಬ್ಬ ಹಾಲಿನಂತಿತ್ತು. ದನಿ ಮಾತ್ರ ಅದೇ, ನೀರು ಕೇಳಿದ ದನಿ. ದಿಲ್ಲಿಯ ಹಿಂದಿ ರತ್ನಮ್ಮನಿಗೆ ಚೆನ್ನಾಗಿ ತಿಳಿಯುತ್ತಿತ್ತು.

ನಮ್ಮ ರಾಜ್ಯ ಈ ಚುನಾವಣೆಯಲ್ಲಿ ಬದಲಾದದ್ದಲ್ಲ ಎಂದರು ಅವರು. ಅದು ಬದಲಾದದ್ದು ಮೂವತ್ತೈದು ವರ್ಷದ ಹಿಂದೆ, ಒಂದು ಲೋಟ ನೀರಿನಲ್ಲಿ. ಒಬ್ಬಳು ಅಜ್ಜಿ, ನಡುಗುವ ಕೈ, ಕಣ್ಣಲ್ಲಿ ನೀರು. ಮಗಾ, ನಿನ್ನಪ್ಪ ಬೈಯುತ್ತಾನೆ ಎಂದಳು. ಬೈಯಲಿ ಬಿಡಜ್ಜಿ ಎಂದೆ. ಆ ಅಜ್ಜಿಗೆ ಆಮೇಲೆ ಏನಾಯಿತು ಎಂದು ಅಮಿತಾ ಕೇಳಿದಳು. ಸೂರ್ಯನಾರಾಯಣರು ಜುಬ್ಬದ ತೋಳು ಸರಿಪಡಿಸಿಕೊಂಡರು. ಸುಖವಾಗಿದ್ದು ತೀರಿಕೊಂಡಳು, ನಾನು ಆ ಮನೆಯವರನ್ನು ಎಂದೂ ಕೈಬಿಡಲಿಲ್ಲ ಎಂದರು.

ಮಹಂತೇಶ್ ಕೈಸನ್ನೆ ಮಾಡಿದ. ರತ್ನಮ್ಮ ಹೊರಟಳು. ಹುಲ್ಲಿನಂಚಿನಲ್ಲಿ ಗಗನಾ ನಿಂತಿದ್ದಳು, ಎರಡು ಕೈಯನ್ನೂ ಎದೆಗೆ ಒತ್ತಿಕೊಂಡು.

ಕುರ್ಚಿಯ ಮುಂದೆ ಬಂದಾಗ ಬೆನ್ನು ಬಾಗಲಿಲ್ಲ. ಸೂರ್ಯನಾರಾಯಣರು ನಗುತ್ತ ಬಲಗೈ ಚಾಚಿದರು. ಬಿಳಿಯ, ನೀಳ ಬೆರಳುಗಳು, ಐದೂ ನೆಟ್ಟಗಿದ್ದವು. ರತ್ನಮ್ಮ ಅವನ್ನು ಒಂದೊಂದಾಗಿ ನೋಡಿದಳು. ಆಮೇಲೆ ಲೋಟವನ್ನು ತನ್ನ ಬಾಯಿಗೇ ತಂದುಕೊಂಡಳು. ತುಟಿಯಿಟ್ಟು, ಅಂಚು ಕಚ್ಚಿ, ಬಾಯಾರಿದವರು ಕುಡಿಯುವ ಹಾಗೆ ಕುಡಿದಳು.

"ಅಯ್ಯೋ, ಕಚ್ಚಿಬಿಟ್ಟಳಲ್ರೀ! ನಮ್ಮಮ್ಮನ ಲೋಟ!" ವಿಜಯಮ್ಮನ ಕೂಗು ವರಾಂಡದ ತುಂಬ ಕೇಳಿಸಿತು.

"ಕ್ಯಾಮೆರಾ ಬಂದ್ ಮಾಡಿ! ಬಂದ್!" ಮಹಂತೇಶ್ ನುಗ್ಗಿದ. ಅಮಿತಾ ಅವನೆದುರು ತೋಳು ಅಡ್ಡ ಹಿಡಿದಳು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು.

ರತ್ನಮ್ಮ ಲೋಟ ಇಳಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ನೀರು ಪೂರ್ತಿ ಮುಗಿದಿರಲಿಲ್ಲ. ತೋಳು ಮುಂದೆ ಚಾಚಿ ಅದನ್ನು ಅವರ ಕೈಯ ಹತ್ತಿರಕ್ಕೆ ಹಿಡಿದಳು.

"ತಗಳ್ಳಿ ಚಿಕ್ಕಯ್ಯ. ಕೈಗೇ ಕೊಡ್ತಿದೀನಿ. ಆವತ್ತಿನ ಹುಡುಗಿ ನಾನೇಯ. ಕುಡೀರಿ."

ಸೂರ್ಯನಾರಾಯಣರ ಮುಖದಲ್ಲಿ ನಗು ಇನ್ನೂ ಇತ್ತು. ಕೈ ಮಾತ್ರ ಮೆಲ್ಲಗೆ ಮಡಿಲಿಗೆ ಹೋಯಿತು. ರತ್ನಮ್ಮ ಸರಿಯಲಿಲ್ಲ. ಅವಳ ತೋಳು ಸೋಲತೊಡಗಿತ್ತು, ಆದರೂ ಇಳಿಸಲಿಲ್ಲ.

ಅವರು ಕುಡಿಯಲೆಂದು ಲೋಟದಲ್ಲಿ ಉಳಿದಿದ್ದ ನೀರು ಬರೀ ನೂರ ಇಪ್ಪತ್ತು ಮಿಲಿಲೀಟರ್.