ಬಗ್ಗಿದರೆ ನೋವಿಲ್ಲ

ಹೊಲಿಗೆಯವಳಿಗೆ ಮಿಷಿನ್ ಮುಂದೆ ಬಗ್ಗಿ ಕೂತಾಗ ಏನೂ ಆಗುತ್ತಿರಲಿಲ್ಲ. ಎದ್ದು ನಿಂತರೆ ಸೊಂಟದಿಂದ ಮೀನಖಂಡದವರೆಗೆ ಉರಿ ಇಳಿಯುತ್ತಿತ್ತು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತಿತ್ತು. ಪಾತ್ರೆ ತೊಳೆಯುವಾಗ ಸಿಂಕಿನ ಅಂಚಿಗೆ ಮೊಣಕೈ ಊರುತ್ತಿದ್ದಳು. ಬೀದಿಯಲ್ಲಿ ಯಾರದಾದರೂ ಮೆಟ್ಟಿಲು ಕಂಡರೆ ಕೂತುಬಿಡುತ್ತಿದ್ದಳು.

ಅದೇ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಗಂಡ ಇದನ್ನೆಲ್ಲ ನೋಡುತ್ತಿದ್ದ.

"ಇಡೀ ದಿನ ಹೊಲೀತೀಯ, ಬಟ್ಟೆ ಗಾಡಿ ತಳ್ಕೊಂಡು ಬೀದಿ ತುದಿ ತನಕ ಹೋಗ್ತೀಯ. ನಮ್ಮಮ್ಮನ್ನ ನೋಡೋಕೆ ನಡ್ಕೊಂಡು ಬಾ ಅಂದ್ರೆ ಮಾತ್ರ ಕಾಲು ಬರಲ್ಲ."

"ಗಾಡಿ ಮೇಲೆ ಬಗ್ಗಿದ್ರೆ ನೋವಿರಲ್ಲ ರೀ. ಯಾಕೋ ನಂಗೂ ಗೊತ್ತಿಲ್ಲ."

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ!"

ಅಳತೆ ಕೊಡಲು ಬಂದಿದ್ದವರು ನಕ್ಕರು. ಅವಳು ಆಮೇಲೆ ನೋವಿನ ಸುದ್ದಿಯೇ ಎತ್ತಲಿಲ್ಲ.

ಮರುವರ್ಷ ಅವಳು ಬಲಪಾದ ಎಳೆದುಕೊಂಡು ನಡೆಯತೊಡಗಿದಳು. ಚಪ್ಪಲಿ ಜಾರಿಹೋದರೂ ತಿಳಿಯುತ್ತಿರಲಿಲ್ಲ. ಒಂದು ದಿನ ಅಂಗಡಿಯ ಹೊಸ್ತಿಲು ಎಡವಿ ಬಿದ್ದು ತುಟಿ ಒಡೆಯಿತು. ನೋಡಲು ಬಂದ ತಂಗಿ ಕೇಳಿದಳು: "ಭಾವ, ನೀವೂ ಆಸ್ಪತ್ರೆಗೆ ಬರ್ತೀರೋ, ನಾನೊಬ್ಳೇ ಅಕ್ಕನ್ನ ಕರ್ಕೊಂಡು ಹೋಗ್ಲೋ?" ಮರ್ಯಾದೆ ಉಳಿಸಿಕೊಳ್ಳಲು ಅವನೂ ಹೊರಟ.

ಡಾಕ್ಟರು ಅವಳು ಹೇಳಿದ್ದನ್ನೆಲ್ಲ ಕೇಳಿಕೊಂಡು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದರು.

"ಬೆನ್ನುಮೂಳೆ ಒಳಗೆ ನರ ಇಳಿಯೋ ದಾರಿ ಇದು. ಸವೆದು, ಸುತ್ತ ಮೂಳೆ ಬೆಳೆದು ಇಲ್ಲಿ ಕಿರಿದಾಗಿದೆ. ನೆಟ್ಟಗೆ ನಿಂತ್ರೆ ನರ ಇನ್ನೂ ಅದುಮಿಕೊಳ್ಳುತ್ತೆ. ಬಗ್ಗಿದ್ರೆ ಅದಕ್ಕೆ ಸ್ವಲ್ಪ ಜಾಗ ಸಿಗುತ್ತೆ. ಅದಕ್ಕೇ ಗಾಡಿ ತಳ್ಳೋಕಾಗುತ್ತೆ, ಸುಮ್ನೆ ನಡೆಯೋಕಾಗಲ್ಲ."

"ಹಾಗಾದ್ರೆ ನಿಜವಾಗ್ಲೂ ನೋವಿತ್ತಾ?" ಎಂದ ಗಂಡ.

"ಇವರು ಯಾವಾಗಿಂದ ಹೇಳ್ತಿದ್ರು?" ಎಂದರು ಡಾಕ್ಟರು.

ಅವನು ನೆಲ ನೋಡಿದ. ತಂಗಿ ಅವನನ್ನೇ ನೋಡುತ್ತಿದ್ದಳು.

ಆಪರೇಷನ್ ಆಯಿತು. ಉರಿ ಹೋಯಿತು, ಬೀದಿ ತುದಿಯವರೆಗೆ ಬರಿಗೈಯಲ್ಲಿ ನಡೆಯಬಲ್ಲಳು. ಆದರೆ ಬಲಪಾದದ ಮುಂಭಾಗ ಮೇಲೇಳಲೇ ಇಲ್ಲ. ನರ ತುಂಬ ಕಾಲ ನಲುಗಿತ್ತು. ಮೊದಲೇ ಬಂದಿದ್ದರೆ ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಪಾದಕ್ಕೆ ಪಟ್ಟಿ ಬಿಗಿದುಕೊಂಡು ಅವಳು ಮತ್ತೆ ಮಿಷಿನ್‌ಗೆ ಕೂತಳು, ಎಡಗಾಲಿನಲ್ಲಿ ತುಳಿಯಲು ಕಲಿತಳು.

ಈಗ ಬಂದವರಿಗೆಲ್ಲ ಗಂಡನೇ ರೋಗ ವಿವರಿಸುತ್ತಾನೆ.

"ನೆಟ್ಟಗೆ ನಿಂತ್ರೆ ನರ ಅದುಮಿಕೊಳ್ಳುತ್ತೆ ನೋಡಿ. ನಾನು ಕರ್ಕೊಂಡು ಹೋಗದೇ ಇದ್ದಿದ್ರೆ ಇವಳು ಹಾಸಿಗೆ ಹಿಡೀತಿದ್ಳು."

"ಪುಣ್ಯ ಮಾಡಿದ್ದೀಯಮ್ಮ, ಇಂಥ ಗಂಡ ಸಿಗೋಕೆ," ಎಂದಳು ರವಿಕೆ ಒಯ್ಯಲು ಬಂದವಳು.

ಹೊಲಿಗೆಯವಳು ಹಲ್ಲಿನಲ್ಲಿ ದಾರ ಕಡಿದಳು. "ಹೂಂ. ನನ್ನ ನೋವಿನ ಮೇಲೆ ಇವರಿಗೆ ತುಂಬ ನಂಬಿಕೆ. ಡಾಕ್ಟ್ರು ಹೇಳಿದ ಮೇಲೆ."

ಕತ್ತರಿಯ ಸದ್ದು ನಿಂತಿತು. ಬಂದವಳು ರವಿಕೆ ತೆಗೆದುಕೊಂಡು ಹೊರಟಳು. ಅವನು ತಲೆ ತಗ್ಗಿಸಿಕೊಂಡೇ, "ತೋಳಿನ ಅಳತೆ ನೀನು ಎಷ್ಟು ಹೇಳಿದ್ದೆ?" ಎಂದ.

ಅವಳು ಎಡಗಾಲಿನಲ್ಲಿ ಮಿಷಿನ್ ತುಳಿಯತೊಡಗಿದಳು.