ಒಬ್ಬರು ಕೂರುವಷ್ಟು ಜಾಗ

ಮತ್ತೆ ಅಷ್ಟೇ ಜಾಗ ಬಿಟ್ಟಿದ್ದಾನೆ ತಮ್ಮ, ಕೋರ್ಟಿನ ವರಾಂಡದ ಬೆಂಚಿನ ಮೇಲೆ ಅಕ್ಕನಿಗೂ ತನಗೂ ನಡುವೆ, ಸರಿಯಾಗಿ ಒಬ್ಬರು ಕೂರುವಷ್ಟು — ಮುನಿಸು ಅಂದುಕೊಂಡಿದ್ದಳಲ್ಲ ಅವಳು ಇಷ್ಟು ದಿನ, ಮೂವತ್ನಾಲ್ಕು ತುಂಬಿದರೂ ಬುದ್ಧಿ ಆರು ವರ್ಷದವನದೇ, ಮುನಿಸೂ ಅದೇ ಎಂದು — ಒಳಗೆ ಯಾರದೋ ಕೇಸು ನಡೆಯುತ್ತಿದೆ, ಮುಂದಿನದು ಇವನದೇ, ನ್ಯಾಯಾಧೀಶರು ಇವತ್ತು ಹೇಳಿಬಿಡುತ್ತಾರೆ, ಮನೆಯೋ, ಬೀಗ ಜಡಿದ ಪಾಲನಾ ಗೃಹವೋ — ಮೂರು ಸಲ, ಬೆಂಕಿಯಿಲ್ಲ ಹೊಗೆಯಿಲ್ಲ, ತಾನು ಕೆಲಸ ಮಾಡುವ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಬೆಂಕಿ ಸೈರನ್ ಒತ್ತಿದ್ದಾನೆ, ಮೂರನೆಯ ಸಲ ಓಡುವ ಗಲಾಟೆಯಲ್ಲಿ ವಾಚ್‌ಮನ್ ತಾತ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡ, ಈಗಲೂ ಕೋಲಿಲ್ಲದೆ ಏಳಲಾರ. ನೀನೇನಾ ಒತ್ತಿದ್ದು ಅಂದರು ಪೊಲೀಸರು, ಹೂಂ ಅಂದ, ಜನ ಬೀಳ್ಲಿ ಅಂತಾನಾ, ಹೂಂ, ಕೀಟಲೆಗಾ, ಹೂಂ — ಏನು ಕೇಳಿದರೂ ಹೂಂ, ಚಂದ್ರನನ್ನು ಕದ್ದವನೂ ನೀನೇನಾ ಅಂದಿದ್ದರೆ ಅದಕ್ಕೂ ಹೂಂ ಅನ್ನುತ್ತಿದ್ದ, ಪುಣ್ಯಾತ್ಮ.

ಕೋರ್ಟು ನೇಮಿಸಿದ ಸಮಾಲೋಚಕಿ ಮಾತ್ರ ಹೂಂ ಬರುವ ಪ್ರಶ್ನೆ ಕೇಳಲೇ ಇಲ್ಲ, ಚಿತ್ರದ ಕಾರ್ಡು ಹರಡಿದಳು, ಸೈರನ್ನು, ಮೆಟ್ಟಿಲು, ಅಂಗಳ, ಒತ್ತಿದ ಮೇಲೆ ಏನಾಗುತ್ತೆ ಜೋಡಿಸು, ನಾಲ್ಕು ವಾರ ಇದೇ, ಇವಳಿಗೆ ಅಂದಳು, ತಪ್ಪು ತಪ್ಪೇ ಅಕ್ಕ, ತಾತನ ನೋವು ಅವನಿಗೆ ಗೊತ್ತಾಗ್ಬೇಕು, ಆದ್ರೆ ಯಾಕೆ ಒತ್ತಿದ ಅಂತ ತಿಳೀದೆ ಈ ಚಾಳಿ ಬಿಡಿಸೋದು ಹೇಗೆ — ಕೊನೆಗೆ ನಿನ್ನೆ ಅವನು ಅಂಗಳದ ಸಾಲಿನ ಚಿತ್ರದಲ್ಲಿ ತನ್ನ ಪಕ್ಕ ಬೆರಳಿಟ್ಟು ಅಂದನಂತೆ, ಇಲ್ಲಿ ಅಮ್ಮ. ಅಮ್ಮ, ಅದೇ ಕಾರ್ಖಾನೆಯಲ್ಲಿ ಗೋಂದು ಹಚ್ಚುತ್ತಿದ್ದ ಅಮ್ಮ, ಹೋದ ವರ್ಷ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಇವನಿಗೇನು ಅರ್ಥವಾದೀತು ಎಂದು, ಅಕ್ಕನೇ ತಾನೆ ಹೇಳಿದ್ದು, ಅಮ್ಮ ಬೇರೆ ಕಡೆ ಕೆಲಸಕ್ಕೆ ಹೋಗಿದಾಳೆ ಕಣೋ, ಬರ್ತಾಳೆ — ಕಾರ್ಖಾನೆಯ ಮೇಸ್ತ್ರಿ ಕಲಿಸಿದ್ದು, ಸೈರನ್ ಆದ್ರೆ ಎಲ್ಲಿದ್ರೂ ಎಲ್ರೂ ಅಂಗಳಕ್ಕೆ ಬರ್ಲೇಬೇಕು, ಸಾಲಾಗಿ ನಿಲ್ಬೇಕು — ಎರಡೂ ಮಾತನ್ನು ಒಂದಕ್ಷರ ಬಿಡದೆ ನಂಬಿ, ಕೂಡಿಸಿ, ಒತ್ತಿ, ಸಾಲಿನಲ್ಲಿ ಪಕ್ಕಕ್ಕೆ ಜಾಗ ಬಿಟ್ಟು ನಿಂತನಲ್ಲ, ಮೂರು ಸಲ! ಅಬ್ಬಾ, ದಡ್ಡ ಅನ್ನುತ್ತಿದ್ದರಲ್ಲ ಇವನನ್ನು, ಅವಳ ಮಾತನ್ನು ಈ ಜೀವಮಾನದಲ್ಲಿ ಇನ್ಯಾರು ಇಷ್ಟು ನಂಬಿದ್ದಾರೆ, ಒಳಗೆ ಕರೆಯುವ ಮುಂಚೆ ನಿಜ ಹೇಳಬೇಕು, ಅವಳೇ ಹೇಳಬೇಕು, ಕೇಳೋ, ಅಮ್ಮ — ಯಾರೋ ಹೆಂಗಸು ಬಂದು ಸ್ವಲ್ಪ ಸರ್ಕೊಳ್ಳಿ ಅನ್ನುತ್ತಾಳೆ, ಅವನು ಆ ಖಾಲಿ ಜಾಗದ ಮೇಲೆ ಅಂಗೈ ಇಡುತ್ತಾನೆ, ಮೆಲ್ಲಗೆ, ಇಲ್ಲಿ ಜನ ಇದಾರೆ — ಕೇಳೋ, ಅಮ್ಮ — ರಟ್ಟು ಮಡಚಿ ಮಡಚಿ ಗಟ್ಟಿಯಾದ ಅಂಗೈ, ಬೆಂಚಿನ ಮೇಲೆ, ಒಬ್ಬರು ಕೂರುವಷ್ಟು ಜಾಗದ ಮೇಲೆ, ಅಂಗೈ —